ಹಲಸಿನ ಹಳೇ ಹಲಗೆಯಲ್ಲಿ ತೊಟ್ಟಿಲು: ನೇತುಹಾಕೋದಾ, ಬಾಗಿದ ಕಾಲಿನದಾ?

ತುಂಗೆ ದಡದವ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹೆಂಡತಿಗೆ ಈಗ ಏಳು ತಿಂಗಳು. ಆಗಸ್ಟ್ ಮೊದಲ ವಾರ ಅಂತ ಡಾಕ್ಟರ್ ಹೇಳಿದ್ದಾರೆ, ಅಂದರೆ ಸರಿಯಾಗಿ ಆಶ್ಲೇಷ ಮಳೆ ಹೊಯ್ಯುವ ಹೊತ್ತಿಗೆ. ಮಗುವಿಗೆ ತೊಟ್ಟಿಲು ನಾನೇ ಮಾಡಬೇಕು ಅಂತ ತಲೆಗೆ ಹೊಕ್ಕಿದೆ. ಬಡಗಿ ಅಲ್ಲ ನಾನು, ಅಡಿಕೆ ತೋಟ ನೋಡಿಕೊಂಡು ಇರುವವನು. ಹಿಂದೆ ಎರಡು ಬೆಂಚು, ಒಂದು ಕಪಾಟು, ಒಂದು ನಾಯಿಗೂಡು ಮಾಡಿದ್ದೇನೆ. ನಾಯಿ ಇವತ್ತಿನವರೆಗೂ ಅದರೊಳಗೆ ಮಲಗಿಲ್ಲ, ಅದು ಬೇರೆ ವಿಷಯ.

ಹೋದ ವರ್ಷ ಹಳೇ ಮನೆ ಕೆಡವಿದಾಗ ಅಟ್ಟಕ್ಕೆ ಹಾಸಿದ್ದ ಹಲಸಿನ ಹಲಗೆಗಳು ಸಿಕ್ಕಿದವು. ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಅಜ್ಜನ ಕಾಲದವು. ಒಂದು ಮಗ್ಗುಲಿಗೆ ಎಂಥದೋ ಕಪ್ಪು ಬಳಿದಿದ್ದಾರೆ, ಕೆಲವು ಅಂಚಿನಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ತೂತುಗಳಿವೆ. ಇದು ತೊಟ್ಟಿಲಿಗೆ ಆಗುತ್ತದಾ?

ಇನ್ನೊಂದು ಮುಖ್ಯ ತಲೆಬಿಸಿ. ಹಳೇ ಮನೆಯ ತೊಲೆಯಲ್ಲಿ ಕಬ್ಬಿಣದ ಕೊಂಡಿ ಇತ್ತು, ನಾನೂ ಅಪ್ಪನೂ ಅದಕ್ಕೇ ಸರಪಳಿ ಹಾಕಿದ ತೊಟ್ಟಿಲಲ್ಲಿ ಮಲಗಿದವರು. ಈಗಿನದು ಆರ್‌ಸಿಸಿ ಮನೆ, ಫ್ಯಾನಿನ ಕೊಂಡಿ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ನೆಲದ ಮೇಲೆ ಇಟ್ಟು ತೂಗುವ, ಕೆಳಗೆ ಬಾಗಿದ ಕಾಲು ಇರುವ ತೊಟ್ಟಿಲು ಮಾಡೋಣ ಅಂತಿದ್ದೇನೆ. ಆ ಬಾಗು ಎಷ್ಟಿರಬೇಕು, ಅದನ್ನು ಅಳೆಯುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ.

ಚೊಚ್ಚಲ ಹೆರಿಗೆ, ಹಾಗಾಗಿ ಅವಳು ತವರಿಗೆ, ಕೊಪ್ಪಕ್ಕೆ ಹೋಗುತ್ತಾಳೆ. ತೊಟ್ಟಿಲನ್ನು ಅಲ್ಲಿಗೆ ಒಯ್ಯಬೇಕು, ಆಮೇಲೆ ವಾಪಸ್ ತರಬೇಕು. ಅಮ್ಮನದು ಬೇರೆ ರಾಗ. ತೊಟ್ಟಿಲು ತವರಿನವರು ಕೊಡುವುದು, ನೀನು ಯಾಕೆ ಮಾಡ್ತೀಯ ಅಂತ ಒಂದು. ಮಗು ಹುಟ್ಟುವ ಮೊದಲೇ ತೊಟ್ಟಿಲು ಮನೆಯೊಳಗೆ ತರಬಾರದು ಅಂತ ಇನ್ನೊಂದು. ಕೊನೆಗೆ "ಕೊಟ್ಟಿಗೆಯಲ್ಲಿ ಮಾಡ್ಕೋ ಹೋಗು" ಅಂತ ಒಪ್ಪಿದ್ದಾರೆ. ಗೊತ್ತಿದ್ದವರು ದಾರಿ ಹೇಳಿ.

ಉಳಿ ಬಾಚಿ

ಸಾಗರದವನು, ಮರದ ಕೆಲಸವೇ ಹೊಟ್ಟೆಪಾಡು. ಮೊದಲು ಮರದ ವಿಷಯ ಹೇಳಿ ಮುಗಿಸುತ್ತೇನೆ.

ಹಲಸು ಒಳ್ಳೆಯದೇ. ಉಳಿಗೆ ಬಗ್ಗುತ್ತದೆ, ಗಟ್ಟಿಯೂ ಇದೆ, ಚೇಗು, ಅಂದರೆ ಒಳಗಿನ ಗಟ್ಟಿ ಮರ, ಇದ್ದರೆ ಗೆದ್ದಲು ಸುಲಭಕ್ಕೆ ಮುಟ್ಟಲ್ಲ. ಯಕ್ಷಗಾನದ ಮದ್ದಳೆಗೂ ಹಲಸೇ ತಾನೇ. ಅಷ್ಟು ವರ್ಷ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ ಹಲಗೆ ಇವತ್ತು ದುಡ್ಡು ಕೊಟ್ಟರೂ ಸಿಗಲ್ಲ. ಹಸಿ ಮರ ತಂದು ಈಗ ಮಾಡಿದ್ದರೆ ದೀಪಾವಳಿ ಹೊತ್ತಿಗೆ ಬಿರಿದು ಬಾಯಿ ಬಿಡುತ್ತಿತ್ತು. ಇಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕು ಅಂತ ನಮ್ಮ ಲೆಕ್ಕ.

ಆ ಕಪ್ಪು ಬಳಿದಿರುವುದು ಮುಕ್ಕಾಲು ಪಾಲು ಗೇರೆಣ್ಣೆ. ಗೆದ್ದಲು ಬರಬಾರದು ಅಂತ ಹಿಂದೆ ಜಂತಿ, ಅಟ್ಟದ ಹಲಗೆಗೆಲ್ಲ ಅದನ್ನೇ ಬಳಿಯುತ್ತಿದ್ದರು. ಗೇರೆಣ್ಣೆ ಮೈಗೆ ತಾಗಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಗೇರುಬೀಜ ಸುಡುವಾಗ ಬಾಯಿ ಸುಟ್ಟುಕೊಳ್ಳದವರು ಯಾರಿದ್ದಾರೆ. ಆ ಮಗ್ಗುಲು ಪೂರ್ತಿ ಕೀಸುಳಿ ಹಾಕಿ, ಹಳದಿ ಮರ ಕಾಣುವವರೆಗೆ ತೆಗೆಯಿರಿ. ಕೀಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಅದಕ್ಕೂ ಮೊದಲು ಹಳೇ ಮೊಳೆ ಹುಡುಕಿ ಕೀಳಿ, ಇಲ್ಲದಿದ್ದರೆ ಕೀಸುಳಿ ಅಲಗು ಹೋಯಿತು ಅಂತ ತಿಳಿಯಿರಿ. ದೊಡ್ಡ ಅಯಸ್ಕಾಂತ ಹಲಗೆ ಮೇಲೆ ಆಡಿಸಿದರೆ ಒಳಗೆ ಮುರಿದು ಉಳಿದ ಮೊಳೆಯೂ ಗೊತ್ತಾಗುತ್ತದೆ.

ಗುಂಡುಸೂಜಿ ತೂತು ಅಂದರೆ ಕುಟ್ಟೆ, ಮರ ಕೊರೆಯುವ ಹುಳ. ಹಲಗೆಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಕೊಡತಿಯಲ್ಲಿ ತಟ್ಟಿ. ಹಿಟ್ಟಿನ ಹಾಗೆ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ ಅಂತ ಅನುಮಾನ ಪಡಿ. ಏನೂ ಉದುರದಿದ್ದರೆ ಹಳೇ ತೂತು ಇರಬಹುದು. ಹೇಗೇ ಇರಲಿ, ಅದು ಸಾಮಾನ್ಯವಾಗಿ ಹೊರಗಿನ ಬಿಳಿ ಭಾಗಕ್ಕೆ ಹಿಡಿಯುವುದು, ಹಾಗಾಗಿ ಅಂಚಿನ ಬಿಳಿ ಮರ ಪೂರ್ತಿ ಕತ್ತರಿಸಿ ಒಲೆಗೆ ಹಾಕಿ. ಕುಟ್ಟೆಗೆ ಔಷಧಿ ಹೊಡೆದು ಅದೇ ಹಲಗೆಯಲ್ಲಿ ತೊಟ್ಟಿಲು ಮಾಡುವ ಯೋಚನೆ ಬೇಡವೇ ಬೇಡ. ಹುಟ್ಟಿದ ಮಗು ಅಂಚು ಚೀಪಲ್ಲ, ಆದರೆ ಆರು ತಿಂಗಳಿಗೆ ಹಲ್ಲು ಬರುವಾಗ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ.

ಬಾಗಿದ ಕಾಲಿನ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊರಟಿದ್ದೇನೆ.

ಜಂತಿ ಮನೆ

ನಿವೃತ್ತ ಮೇಷ್ಟ್ರು, ಫಿಸಿಕ್ಸ್ ಪಾಠ ಮಾಡಿದವನು, ಹೊಸನಗರ. ನನ್ನ ಕೇಳಿದರೆ ನೇತುಹಾಕುವ ತೊಟ್ಟಿಲೇ ಮೇಲು. ಯಾಕೆ ಅಂತಲೂ ಹೇಳುತ್ತೇನೆ, ಸುಮ್ನೆ ಹಳೇ ಕಾಲದ ಮೋಹ ಅಲ್ಲ.

ತೂಗುವ ವೇಗ ನೇತುಹಾಕಿದ ಉದ್ದದ ಮೇಲೆ ಹೋಗುತ್ತದೆ. ಮಗುವಿನ ಭಾರದ ಮೇಲೆ ಅಲ್ಲ. 1 ಮೀಟರ್ ಉದ್ದ ಇದ್ದರೆ ಒಂದು ಸಲ ಹೋಗಿ ಬರಲು ಸುಮಾರು 2 ಸೆಕೆಂಡ್. ಎತ್ತರದ ತೊಲೆಯಿಂದ ಎರಡೂವರೆ ಮೀಟರ್ ಸರಪಳಿ ಬಿಟ್ಟರೆ 3 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಹಳೇ ಮನೆಗಳಲ್ಲಿ ತೊಟ್ಟಿಲು ಅಷ್ಟು ನಿಧಾನಕ್ಕೆ, ಅಜ್ಜಿ ಹಾಡು ಹೇಳುವ ಲಯಕ್ಕೆ ಸರಿಯಾಗಿ ಹೋಗುತ್ತಿದ್ದುದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡ್ ತೊಟ್ಟಿಲಲ್ಲಿ ಒಂದಡಿ ಮೇಲೆ ತಿರುಗಣೆ ಇರುತ್ತದೆ, ಅದು ಸೆಕೆಂಡಿಗೊಂದು ಸಲ ಹೋಗಿ ಬರುತ್ತದೆ. ಮಗು ಮಲಗುವುದಾ, ತಲೆ ತಿರುಗಿ ಸುಮ್ಮನಾಗುವುದಾ ಗೊತ್ತಾಗಲ್ಲ.

ಫ್ಯಾನಿನ ಕೊಂಡಿಗೆ ಮಾತ್ರ ಹಾಕಬೇಡಿ. ಅದು ಸುಮ್ಮನೆ ತೂಗುವ ಫ್ಯಾನಿನ ಭಾರಕ್ಕೆ ಇಟ್ಟದ್ದು, ದಿನಕ್ಕೆ ಸಾವಿರ ಸಲ ಅತ್ತಿತ್ತ ಎಳೆಯುವುದಕ್ಕೆ ಅಲ್ಲ. ಕೊಪ್ಪದ ಮನೆ ಹಳೇ ಮನೆಯಾ? ತೊಲೆ ಇದ್ದರೆ ಅಲ್ಲಿಗಾದರೂ ನೇತುಹಾಕುವಂಥದ್ದು ಮಾಡಿ.

ಸೀಗೆಹಟ್ಟಿ ಅಕ್ಕ

ಶಿವಮೊಗ್ಗದಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ, ಎರಡು ಮಕ್ಕಳ ತಾಯಿ. ನೀವೆಲ್ಲ ಮರ, ಸರಪಳಿ ಅಂತ ಮಾತಾಡುತ್ತಿದ್ದೀರಿ, ಒಳಗೆ ಮಲಗುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ತಮ್ಮಾ, ಪಕ್ಕದ ಕಂಬಿಗಳ ಸಂದು 6 ಸೆಂಟಿಮೀಟರ್ ದಾಟಬಾರದು. ಇದು ಸುಮ್ನೆ ಹೇಳಿದ ಅಳತೆ ಅಲ್ಲ. ಮಗುವಿನ ಮೈ ಕಾಲ ಕಡೆಯಿಂದ ಜಾರಿ ಹೊರಗೆ ಹೋಗಿ, ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳುವುದು ತುಂಬಾ ಅಪಾಯ. ನನ್ನ ದೊಡ್ಡಮ್ಮನ ಮನೆಯ ಹಳೇ ತೊಟ್ಟಿಲಲ್ಲಿ ಕಡೆದ ಗೂಟಗಳು ಚಂದ ಇದ್ದವು, ಆದರೆ ನಡುವೆ ಒಂದು ಗೂಟ ಮುರಿದು ಹೋಗಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನನ್ನ ಮೊದಲ ಮಗಳು ನಾಲ್ಕು ತಿಂಗಳಿದ್ದಾಗ ಆ ಸಂದಿನಲ್ಲಿ ಸೊಂಟದವರೆಗೆ ಇಳಿದಿದ್ದಳು. ನಾನು ಅಲ್ಲೇ ಬಟ್ಟೆ ಮಡಚುತ್ತಾ ಕೂತಿದ್ದಕ್ಕೆ ಬಚಾವ್. ಇವತ್ತಿಗೂ ನೆನಪಾದರೆ ಕೈ ನಡುಗುತ್ತದೆ. ಕೆಲಸ ಗೊತ್ತಿದ್ದೂ ಬುದ್ಧಿ ಓಡಲಿಲ್ಲ ನೋಡಿ. 6 ಸೆಂಟಿಮೀಟರ್ ಅಗಲದ ಒಂದು ಮರದ ತುಂಡು ಕತ್ತರಿಸಿ ಇಟ್ಟುಕೊಳ್ಳಿ, ಅದು ಯಾವ ಸಂದಿನಲ್ಲೂ ಹೋಗಬಾರದು.

ಹಾಸಿಗೆ ಗಟ್ಟಿ ಇರಲಿ, ತೆಳ್ಳಗಿರಲಿ, ತೊಟ್ಟಿಲಿನ ಅಳತೆಗೇ ಹೊಲಿಸಿ. ಹಾಸಿಗೆಗೂ ಪಕ್ಕದ ಮರಕ್ಕೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಬೇಡ. ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ ಅಜ್ಜಿಯರಿಗೆ ಇಷ್ಟ, ಮಗುವಿಗೆ ಬೇಡ, ಮೂಗು ಹುದುಗುತ್ತದೆ. ತಲೆ ದುಂಡಗೆ ಆಗಲಿ ಅಂತ ಸಾಸಿವೆ ದಿಂಬು ಇಡುತ್ತಾರೆ, ಅದೂ ಬೇಡ. ಮಗುವನ್ನು ಬೆನ್ನ ಮೇಲೆ ಮಲಗಿಸಿ, ಒಳಗೆ ದಿಂಬು ಗೊಂಬೆ ಏನೂ ಇಡಬೇಡಿ. ತಳ ಸಮ ಇರಬೇಕು. ಸೀರೆ ಜೋಲಿಯಲ್ಲಿ ನನಗೆ ಹೆದರಿಕೆ ಅದೇ, ಮಗು ಬಿಲ್ಲಿನ ಹಾಗೆ ಬಾಗಿ ಗಲ್ಲ ಎದೆಗೆ ತಾಗುತ್ತದೆ, ಉಸಿರಾಟಕ್ಕೆ ಕಷ್ಟ.

ಮಗು ಮಗ್ಗುಲಾಗಲು ಶುರು ಮಾಡಿದ ದಿನ, ಅಥವಾ ಕೈ ಊರಿ ಎದೆ ಎತ್ತಿದ ದಿನ ತೊಟ್ಟಿಲಿಗೆ ರಜೆ. ಹೆಚ್ಚು ಕಮ್ಮಿ ನಾಲ್ಕೈದು ತಿಂಗಳು. ಇಷ್ಟು ಕಷ್ಟಪಟ್ಟು ಮಾಡಿ ಅಷ್ಟೇನಾ ಅಂತ ಬೇಜಾರಾಗಬೇಡಿ, ತಮ್ಮನೋ ತಂಗಿಯೋ ಬಂದೇ ಬರುತ್ತಾರೆ.

ಉಳಿ ಬಾಚಿ

ಬಂದೆ. ಅಕ್ಕ ಹೇಳಿದ ಅಳತೆಗೆ ಲೆಕ್ಕ ಹಾಕಿ ಕೊಡುತ್ತೇನೆ. ಒಳಗಿನ ಉದ್ದ 80 ಸೆಂಟಿಮೀಟರ್, ಅಗಲ 40 ಇಟ್ಟುಕೊಳ್ಳಿ. ಕಂಬಿ ಎರಡೂವರೆ ಸೆಂಟಿಮೀಟರ್ ದಪ್ಪ ಇದ್ದರೆ ಒಂದು ಪಕ್ಕಕ್ಕೆ 10 ಕಂಬಿ ಸಾಕು, ನಡುವೆ 11 ಸಂದು, ಪ್ರತಿಯೊಂದೂ 5 ಸೆಂಟಿಮೀಟರ್. ಸರಿಯಾಗಿ 80ಕ್ಕೆ ಕೂರುತ್ತದೆ. ಲೇಥಿನಲ್ಲಿ ಕಡೆಸುವ ಆಸೆ ಇದ್ದರೆ ನೆನಪಿಡಿ, ನಡುವೆ ಸಪೂರ ಆದಲ್ಲಿ ಸಂದು ದೊಡ್ಡದಾಗುತ್ತದೆ. ನಾನಾದರೆ ನೇರ ಪಟ್ಟಿಯನ್ನೇ ಹಾಕಿ ಅಂಚು ದುಂಡಗೆ ಮಾಡುತ್ತೇನೆ. ಹಾಸಿಗೆ ಮೇಲಿನಿಂದ ಪಕ್ಕದ ಎತ್ತರ ಒಂದಡಿ ಇರಲಿ.

ಈಗ ಬಾಗು. ತೊಟ್ಟಿಲಿನ ತಲೆ ಕಡೆ ಒಂದು, ಕಾಲ ಕಡೆ ಒಂದು, ಅಡ್ಡಕ್ಕೆ ಬರುತ್ತದೆ ಕಾಲು. ಎಡಕ್ಕೂ ಬಲಕ್ಕೂ ತೂಗುತ್ತದೆ. ಕಾಲಿನ ಉದ್ದ 60 ಸೆಂಟಿಮೀಟರ್. ಒಂದು ಮೊಳೆ ಹೊಡೆದು, ಅದಕ್ಕೆ 120 ಸೆಂಟಿಮೀಟರ್ ದಾರ ಕಟ್ಟಿ, ತುದಿಗೆ ಪೆನ್ಸಿಲ್ ಹಿಡಿದು ರಟ್ಟಿನ ಮೇಲೆ ಗೆರೆ ಎಳೆಯಿರಿ. ದಾರ ಹಿಗ್ಗಬಾರದು, ಸೊಣಬಿನದು ಬೇಡ, ತೆಳು ತಂತಿ ಆದರೆ ಇನ್ನೂ ಒಳ್ಳೆಯದು. ಆಗ ತುದಿ ನಡುವಿಗಿಂತ ಸುಮಾರು 4 ಸೆಂಟಿಮೀಟರ್ ಮೇಲೆ ಬರುತ್ತದೆ. ಅಷ್ಟು ಸಾಕು. ಜನ ಚಂದ ಕಾಣಲಿ ಅಂತ ದೋಣಿಯ ಹಾಗೆ ಬಗ್ಗಿಸುತ್ತಾರೆ, ಅದು ಜಾಸ್ತಿ ವಾಲುತ್ತದೆ, ಮಗು ಒಂದು ಪಕ್ಕಕ್ಕೆ ಉರುಳಿ ಕಂಬಿಗೆ ಒತ್ತಿಕೊಳ್ಳುತ್ತದೆ. ಎರಡೂ ತುದಿಯ ಮೂರ್ನಾಲ್ಕು ಸೆಂಟಿಮೀಟರ್ ಬಗ್ಗಿಸದೆ ನೇರ ಬಿಡಿ. ದೊಡ್ಡ ಮಕ್ಕಳು ಜೋರಾಗಿ ತೂಗಿದರೂ ಅಲ್ಲಿ ಬಂದು ನಿಲ್ಲುತ್ತದೆ.

ಎರಡೂ ಕಾಲನ್ನು ಒಟ್ಟಿಗೆ ಬಿಗಿದು ಒಂದೇ ಸಲ ಕೀಸಿ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇದ್ದರೂ ತೊಟ್ಟಿಲು ನಡೆಯಲು ಶುರು ಮಾಡುತ್ತದೆ, ರಾತ್ರಿ ಇಲ್ಲಿಟ್ಟದ್ದು ಬೆಳಗ್ಗೆ ಬಾಗಿಲ ಹತ್ತಿರ ಇರುತ್ತದೆ. ಮರದ ಎಳೆ ಉದ್ದಕ್ಕೆ ನೇರ ಓಡುವ ಹಲಗೆಯನ್ನೇ ಕಾಲಿಗೆ ಆರಿಸಿ. ಹಿಂದೆ ನೇಗಿಲಿಗೆ ಹುಟ್ಟುಬಾಗಿನ ಕೊಂಬೆ ಹುಡುಕುತ್ತಿದ್ದರಲ್ಲ, ಎಳೆ ಕಡಿಯಬಾರದು ಅಂತಲೇ. ಇಷ್ಟು ಸಣ್ಣ ಬಾಗಿಗೆ ಅಷ್ಟೆಲ್ಲ ಬೇಕಾಗಲ್ಲ, ಆದರೆ ಗಂಟು ಇರುವ ಹಲಗೆ ಮಾತ್ರ ಬೇಡ.

ಕೊಪ್ಪಕ್ಕೆ ಒಯ್ಯಬೇಕು ಅಂದಿರಲ್ಲ, ತೊಟ್ಟಿಲನ್ನು ಬಿಚ್ಚಿ ಜೋಡಿಸುವ ಹಾಗೆ ಮಾಡಿ. ಕಂಬಿ ಇರುವ ಎರಡು ಪಕ್ಕ ಫೆವಿಕಾಲ್ ಹಾಕಿ ಖಾಯಂ ಕೂರಿಸಿ. ತಲೆ ಹಲಗೆ, ಕಾಲ ಹಲಗೆಗೆ ಚೌಕ ತೂತು ಹೊಡೆದು, ಪಕ್ಕದ ಪಟ್ಟಿಯ ನಾಲಿಗೆ ಅದರಿಂದ ಆಚೆ ಬರಲಿ, ಆಚೆ ಬಂದದ್ದಕ್ಕೆ ಬೆಣೆ ಹೊಡೆಯಿರಿ. ನಾಲ್ಕೋ ಎಂಟೋ ಬೆಣೆ ಕಿತ್ತರೆ ತೊಟ್ಟಿಲು ಹಲಗೆಯಾಗಿ ಕಾರಿನ ಡಿಕ್ಕಿಯಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬೆಣೆ ಬಿಗಿಯಾಗುತ್ತದೆ, ಬೇಸಿಗೆಗೆ ಸಡಿಲ ಆಗುತ್ತದೆ. ಹಾಗಾಗಿ ಫೆಬ್ರವರಿ ಬಂದ ಮೇಲೆ ವಾರಕ್ಕೊಂದು ಸಲ ಬೆಣೆ ತಟ್ಟಿ ನೋಡಬೇಕು. ತಳದ ಹಲಗೆಯನ್ನು ಮೊಳೆಯ ಮೇಲೆ ನಂಬಬೇಡಿ, ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟು ಅದರ ಮೇಲೆ ಕೂರಿಸಿ, ಗಾಳಿ ಆಡಲು ನಾಲ್ಕೈದು ಸಣ್ಣ ತೂತು ಕೊರೆಯಿರಿ.

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ನೇತುಹಾಕಿದ್ದರ ಸುಖ ನೆಲದ್ದಕ್ಕೆ ಇಲ್ಲ. ಆದರೆ ತೊಲೆಯೇ ಇಲ್ಲದ ಮನೆಗೆ ಏನು ಮಾಡುವುದು?

ಅಡಿಕೆ ಚೇಣಿ

ಬಣ್ಣ ಹೊಡೆಯಿರಿ ಮಾರಾಯ್ರೆ, ಬರೀ ಮರ ಬೋಳು ಕಾಣುತ್ತದೆ. ಕಲಘಟಗಿ ತೊಟ್ಟಿಲು ನೋಡಿದ್ದೀರಾ? ಕೆಂಪು, ಹಳದಿ, ಹಸಿರು, ಮೇಲೆ ರಾಮಾಯಣದ ಚಿತ್ರ. ನಮ್ಮನೆಯಲ್ಲಿ ಹಳೇ ಪೇಂಟ್ ಡಬ್ಬ ಎರಡು ಉಳಿದಿವೆ, ಬೇಕಾದರೆ ತಗೊಂಡು ಹೋಗಿ.

ಸೀಗೆಹಟ್ಟಿ ಅಕ್ಕ

ಹಳೇ ಡಬ್ಬ ಅಟ್ಟದಲ್ಲೇ ಇರಲಿ ಅಣ್ಣ! ಹಳೇ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅಂತ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಡಬ್ಬದಲ್ಲಿ ಎಷ್ಟಿದೆ ಅಂತ ಯಾರು ನೋಡಿದ್ದಾರೆ. ಸೀಸ ಮಕ್ಕಳ ಮೆದುಳಿಗೆ ಪೆಟ್ಟು. ಕಲಘಟಗಿಯದು ಬೇರೆ, ಅದು ಗೊತ್ತಿದ್ದ ಕೈ ಮಾಡಿದ್ದು.

ಉಳಿ ಬಾಚಿ

ಅರಗಿನ ಪಾಲಿಶ್ ಸಾಕು. ಚನ್ನಪಟ್ಟಣದ ಗೊಂಬೆಗೆ ಹೊಳಪು ಬರುವುದೂ ಅರಗಿನಿಂದಲೇ. ಅರಗಿನ ಚೂರು ತಂದು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಉಂಡೆಯಲ್ಲಿ ತೆಳ್ಳಗೆ ನಾಲ್ಕೈದು ಸಲ ಬಳಿಯಿರಿ. ಸ್ಪಿರಿಟ್ ವಾಸನೆ ಪೂರ್ತಿ ಹೋದಮೇಲೆ ಜೇನುಮೇಣ ಉಜ್ಜಿ. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಅಗಸೆ ಎಣ್ಣೆ ಹಚ್ಚಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ, ಒಣ ಊರಿಗೆ ಸರಿ. ನಮ್ಮಲ್ಲಿ ಜುಲೈಯಲ್ಲಿ ಅಗಸೆ ಎಣ್ಣೆ ಹಚ್ಚಿದರೆ ಒಣಗಲು ವಾರಗಟ್ಟಲೆ, ಅಷ್ಟರಲ್ಲಿ ಬೂಷ್ಟು ಬಂದು ಕೂತಿರುತ್ತದೆ. ಅದನ್ನು ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಕಾವೇರಿ ಬೆಂಕಿ ಹಿಡಿಯುವುದೂ ಉಂಟು. ಕೊಟ್ಟಿಗೆ, ಪಕ್ಕದಲ್ಲೇ ಹುಲ್ಲು, ಯಾಕೆ ಬೇಕು.

ತುಂಗೆ ದಡದವ

ತಿಂಗಳಾಯಿತು ಬರೆಯದೆ, ಕ್ಷಮಿಸಿ. ತೊಟ್ಟಿಲು ನಿಂತಿದೆ!

ಕಪ್ಪು ಬಳಿದದ್ದು ಗೇರೆಣ್ಣೆಯೇ, ಅಮ್ಮ ನೋಡಿದ ಕೂಡಲೇ ಹೇಳಿದರು. ಎಂಟು ಹಲಗೆಯಲ್ಲಿ ಎರಡರಿಂದ ಪುಡಿ ಉದುರಿತು, ಅವೆರಡೂ ಬಚ್ಚಲ ಒಲೆಗೆ ಹೋದವು. ಉಳಿದದ್ದು ಕೀಸಿದಾಗ ಬಂತು ನೋಡಿ ಬಣ್ಣ, ಅರಿಶಿನದ ಕೊಂಬು ಮುರಿದ ಹಾಗೆ. ಇದನ್ನು ಇಷ್ಟು ವರ್ಷ ತಲೆ ಮೇಲೆ ಇಟ್ಟುಕೊಂಡು ಮಲಗಿದ್ದೆವಾ ಅನಿಸಿತು.

ಮೊದಲ ಜೊತೆ ಕಾಲು ಹಾಳು ಮಾಡಿದೆ. ಬೇರೆ ಬೇರೆ ಕೀಸಿದ್ದೆ, ಉಳಿ ಬಾಚಿ ಅಣ್ಣ ಹೇಳಿದ ಹಾಗೇ ತೊಟ್ಟಿಲು ಗೊಬ್ಬರಗುಂಡಿ ಕಡೆ ನಡೆಯಿತು. ಎರಡನೇ ಜೊತೆ ಒಟ್ಟಿಗೆ ಬಿಗಿದು ಮಾಡಿದೆ, ಈಗ ಸರಿ. ನಮ್ಮನೆ ಟೈಲ್ಸ್ ನೆಲದಲ್ಲಿ ಆಗಲೂ ಸ್ವಲ್ಪ ಜಾರುತ್ತದೋ ಅಂತ ಕಾಲಿನಡಿ ಹಳೇ ಸೈಕಲ್ ಟ್ಯೂಬ್ ಪಟ್ಟಿ ಅಂಟಿಸಿದ್ದೇನೆ. ಸದ್ದೂ ಇಲ್ಲ. 6 ಸೆಂಟಿಮೀಟರ್ ತುಂಡು ಯಾವ ಸಂದಿನಲ್ಲೂ ಹೋಗಲ್ಲ ಅಕ್ಕ, ಇಪ್ಪತ್ತೆರಡನ್ನೂ ನೋಡಿದೆ.

ಭಾರ ನೋಡೋಣ ಅಂತ 25 ಕೆ.ಜಿ. ಅಕ್ಕಿ ಚೀಲ ಹೊತ್ತು ತರಲು ಹೊರಟೆ. ಹೊರಡುವ ಮೊದಲು ಸುಮ್ನೆ ಒಂದು ಸಲ ಕೈಯಲ್ಲಿ ತೂಗಿದೆ ಅಷ್ಟೇ, ಅಮ್ಮ ಅಂಗಳದಿಂದಲೇ ಕೂಗಿದರು, "ಖಾಲಿ ತೊಟ್ಟಿಲು ತೂಗಬಾರದು ಅಂತ ಗೊತ್ತಿಲ್ವನಾ!" ಅಂತ. ಮಧ್ಯಾಹ್ನ ನೋಡುತ್ತೇನೆ, ಒರಳಿನ ಗುಂಡುಕಲ್ಲು ತೊಳೆದು, ಹಳೇ ಹತ್ತಿ ಸೀರೆ ಸುತ್ತಿ ತಾವೇ ಒಳಗೆ ಮಲಗಿಸಿದ್ದಾರೆ. ತೊಟ್ಟಿಲು ಶಾಸ್ತ್ರದ ದಿನ ಮಗುವಿಗಿಂತ ಮೊದಲು ಗುಂಡಪ್ಪನನ್ನು ಇಡುತ್ತೇವಲ್ಲ, ಅದೇ. ಅದು ನಾಮಕರಣದ ದಿನಕ್ಕಲ್ವಾ ಅಂದೆ. "ಕೊಟ್ಟಿಗೆಯಲ್ಲಿ ಇಟ್ಟದ್ದು ಲೆಕ್ಕಕ್ಕೆ ಬರಲ್ಲ" ಅಂದರು. ಈಗ ಎರಡು ದಿನದಿಂದ ಹಾಲು ಕರೆಯಲು ಹೋದಾಗೆಲ್ಲ ಅವರೇ ಕಾಲಲ್ಲಿ ತೂಗುತ್ತಿದ್ದಾರೆ. ಅಕ್ಕಿ ಚೀಲವನ್ನೂ ಆಮೇಲೆ ಇಟ್ಟು ಅರ್ಧ ಗಂಟೆ ತೂಗಿದೆ, ಏನೂ ಅಲ್ಲಾಡಲಿಲ್ಲ.

ಮೇಷ್ಟ್ರೇ, ಕೊಪ್ಪದ ಮನೆಯಲ್ಲಿ ತೊಲೆ ಇದೆಯಂತೆ, ಕೊಂಡಿಯೂ ಇದೆಯಂತೆ. ಮಾವನವರು ಫೋನಿನಲ್ಲಿ ಹೇಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈ ತೊಟ್ಟಿಲಿಗೇ ನಾಲ್ಕು ಮೂಲೆಗೆ ಬಳೆ ಹಾಕಿದರೆ ನೇತುಹಾಕಬಹುದಾ? ಇನ್ನೊಂದು, ಒಂದು ಬೆಣೆ ತೂಗುವಾಗ ಕಿರ್ ಅನ್ನುತ್ತಿದೆ, ಎಣ್ಣೆ ಬಿಡಲಾ?

ಜಂತಿ ಮನೆ

ಹಾಕಬಹುದು, ಆದರೆ ಬಾಗಿದ ಕಾಲು ಬಿಚ್ಚಿಟ್ಟು. ಬಳೆಯನ್ನು ಮೇಲಿನ ಪಟ್ಟಿಗೆ ಹಾಕಬೇಡಿ, ತಳದ ಅಡ್ಡಪಟ್ಟಿಯಿಂದಲೇ ಭಾರ ಹೊರಬೇಕು. ನಾಲ್ಕೂ ಸರಪಳಿ ಒಂದೇ ಉದ್ದ ಇರಲಿ, ಒಳಗೆ ನೀರಿನ ತಟ್ಟೆ ಇಟ್ಟರೆ ಓರೆ ಗೊತ್ತಾಗುತ್ತದೆ. ಕೊಂಡಿ ತುಕ್ಕು ಹಿಡಿದು ಸವೆದಿದೆಯಾ ಅಂತ ಏಣಿ ಹತ್ತಿ ಕಣ್ಣಾರೆ ನೋಡಿ, ಮಾವನ ಮಾತು ನಂಬಬೇಡಿ. ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಬೇಡ.

ಉಳಿ ಬಾಚಿ

ಬೆಣೆಗೆ ಎಣ್ಣೆ ಬಿಟ್ಟರೆ ಜಾರಿ ಹೊರಗೆ ಬರುತ್ತದೆ. ಕಿತ್ತು ನೋಡಿ, ಒಂದು ಕಡೆ ಮಾತ್ರ ಉಜ್ಜಿ ಹೊಳಪಾಗಿರುತ್ತದೆ. ಅಲ್ಲಿ ಒಂದು ಎಳೆ ಕೀಸಿ ಮತ್ತೆ ಹೊಡೆಯಿರಿ. ಫೋಟೋ ಹಾಕಿ ಮಾರಾಯ್ರೆ, ಗುಂಡಪ್ಪ ಒಳಗಿರುವಾಗಲೇ.